ಬಾಣಂತಿ ಕೋಣೆಯ ಹಿಮಸಾರಂಗ

ಇದೆಲ್ಲ ಒಂದು ಕೋಳಿಯಿಂದ ಶುರುವಾಯಿತು. ನಾನು ತಿ. ನರಸೀಪುರದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿಯೊಂದು ಜೀವಿಯ ಮೈಯೊಳಗೂ ಒಂದು ಗಡಿಯಾರವಿರುತ್ತದೆ, ಬೆಳಕು ಕತ್ತಲೆ ನೋಡಿಕೊಂಡು ಅದು ದಿನಾ ತನ್ನನ್ನು ಸರಿಮಾಡಿಕೊಳ್ಳುತ್ತಿರುತ್ತದೆ ಎಂದು ಅವತ್ತು ಹೇಳುತ್ತಿದ್ದೆ. ಮಾತಿನ ಭರದಲ್ಲಿ, ಧ್ರುವ ಪ್ರದೇಶದಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಚಳಿಗಾಲದಲ್ಲಿ ಹುಟ್ಟುವುದೇ ಇಲ್ಲ ಎಂದೂ ಸೇರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಮ್, ಹಂಗಾದ್ರೆ ಅಲ್ಲಿ ಕೋಳಿ ಸಾಕುದ್ರೆ ಅದು ಯಾವಾಗ ಕೂಗ್ತದೆ?" ಎಂದು ಕೇಳಿದಳು. ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಉತ್ತರ ಮಾತ್ರ ಗೊತ್ತಿರಲಿಲ್ಲ.

ಗೊತ್ತಿಲ್ಲ ಎನ್ನುವುದು ನನಗೆ ಸಲೀಸಾಗಿ ಬಾಯಿಗೆ ಬರುವ ಮಾತಲ್ಲ. ಇಷ್ಟು ವರ್ಷ ಪಾಠ ಮಾಡಿದ್ದರ ಫಲ ಅದು ಎಂದು ನಾನು ಅಂದುಕೊಂಡಿದ್ದೇನೆ. ಪಾಠ ಮಾಡುವುದಕ್ಕೆ ಮುಂಚೆಯೂ ನೀನು ಹೀಗೇ ಇದ್ದೆ ಎನ್ನುವುದು ನಮ್ಮ ಮನೆಯವರ ಅಭಿಪ್ರಾಯ. "ಕೂತ್ಕೊ, ಮುಂದಿನ ವಾರ ಹೇಳ್ತೀನಿ" ಎಂದು ಅವಳನ್ನು ಗದರಿಸಿ ಪಾಠ ಮುಂದುವರಿಸಿದೆ. ಸಂಜೆ ನಂಜನಗೂಡಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಸೀಟು ಸಿಕ್ಕಿದ ಮೇಲೆ ಫೋನು ತೆಗೆದು ಓದಲು ಕೂತೆ. ಹಾಗೆ ಹಿಡಿದ ಓದು ಒಂದು ಸಂಜೆಗೆ ಮುಗಿಯಲಿಲ್ಲ. ಕೋಳಿಯನ್ನು ಅರ್ಧ ದಾರಿಯಲ್ಲೇ ಬಿಟ್ಟು ಹಿಮಸಾರಂಗ, ಹಿಮಕರಡಿ, ನೆಲದಲ್ಲಿ ಬಿಲ ತೋಡಿಕೊಂಡು ಬದುಕುವ ಅಳಿಲು ಅಂತ ಎಲ್ಲೆಲ್ಲೋ ಹೋದೆ. ಬಸ್ಸಿನ ಹೊರಗೆ ಭತ್ತದ ಗದ್ದೆ, ಕಬ್ಬು, ತೆಂಗು. ಒಳಗೆ ಕೂತ ನಾನು ಮಾತ್ರ ಹಿಮದಲ್ಲಿ.

ಮನೆಯಲ್ಲಿ ಆಗ ಬಾಣಂತನ ನಡೆದಿತ್ತು. ಒಬ್ಬಳೇ ಮಗಳು ಬನ್ನೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ನಂಜನಗೂಡಿಗೆ ಬಂದಿದ್ದಳು. ಹೆಣ್ಣು ಮಗು ಸುಸೂತ್ರವಾಗಿ ಹುಟ್ಟಿತು. ನನಗೆ ಹೆಚ್ಚು ರಜೆ ಸಿಗಲಿಲ್ಲ. ಹಾಗಾಗಿ ಹೆಮ್ಮರಗಾಲದಿಂದ ನಮ್ಮ ಅತ್ತೆ, ಅಂದರೆ ಮಗಳ ಅಜ್ಜಿ, ಬಂದು ಬಾಣಂತನದ ಅಧಿಕಾರ ವಹಿಸಿಕೊಂಡರು. ಅಧಿಕಾರ ಎಂದು ಬೇಕೆಂದೇ ಬರೆದಿದ್ದೇನೆ. ಮಕ್ಕಳಿಲ್ಲದವರು ಹರಕೆ ಹೊತ್ತುಕೊಂಡು ಬರುವ ಊರು ಅವರದು. ಮಕ್ಕಳ ವಿಷಯದಲ್ಲಿ ತಮ್ಮ ಮಾತೇ ಕಡೆಯ ಮಾತು ಎಂದು ಅವರು ನಂಬಿರುವುದಕ್ಕೆ ಅದೂ ಒಂದು ಕಾರಣ ಇದ್ದೀತು. ಬಂದ ದಿನವೇ ಬಚ್ಚಲು ಒಲೆ, ಸಾಂಬ್ರಾಣಿ, ಮೆಣಸಿನ ಸಾರು, ಬಜೆ ಬೇರು ಎಲ್ಲವೂ ಅವರ ಸುಪರ್ದಿಗೆ ಹೋದವು. ಅಡುಗೆಮನೆಯಲ್ಲಿ ನಾನು ಏನಾದರೂ ಎತ್ತಿಕೊಳ್ಳಬೇಕಾದರೆ ಒಂದು ಸಲ ಕೇಳಿ ಎತ್ತಿಕೊಳ್ಳುವ ಸ್ಥಿತಿ ಬಂತು.

ನಮ್ಮ ಮನೆಯ ಪೂರ್ವದ ಕೋಣೆ ಬಾಣಂತಿ ಕೋಣೆಯಾಯಿತು. ಇರುವ ಒಂದೇ ಕಿಟಕಿಗೆ ಅತ್ತೆ ಹಳೆಯ ಕರಿ ಕಂಬಳಿಯನ್ನು ಮೊಳೆ ಹೊಡೆಸಿ ಕಟ್ಟಿಸಿದರು. ಬಾಗಿಲಿಗೆ ದಪ್ಪನೆಯ ಪರದೆ. ಬಾಣಂತಿಗೆ ಗಾಳಿ ಹೊಡೆಯಬಾರದು, ಕೂಸಿನ ಮೇಲೆ ಯಾರ ಕಣ್ಣೂ ಬೀಳಬಾರದು. ಹಗಲು ಹನ್ನೆರಡಕ್ಕೂ ಒಳಗೆ ಕಾಲಿಟ್ಟರೆ ಮಂಚ ಎಲ್ಲಿ, ತೊಟ್ಟಿಲು ಎಲ್ಲಿ ಎಂದು ತಡಕಾಡಬೇಕು. ಇನ್ನು ಸಂಜೆಯಾದರೆ ಬೇರೆ ನಿಯಮ. ಬಾಣಂತಿ ಕೋಣೆಯಲ್ಲಿ ಬೆಳಗಾಗುವವರೆಗೂ ದೀಪ ಆರಕೂಡದು. ಅದಕ್ಕೆಂದು ನಮ್ಮ ಮನೆಯವರು ಪೇಟೆಗೆ ಹೋಗಿ, ಮೊಮ್ಮಗಳಿಗೆ ಎಂಬ ಉತ್ಸಾಹದಲ್ಲಿ, ಅಂಗಡಿಯಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಕಿನ ಎಲ್‌ಇಡಿ ಬಲ್ಬು ತಂದು ಹಾಕಿದರು. ಅದು ಮುಸ್ಸಂಜೆಯಿಂದ ಮುಂಜಾನೆವರೆಗೂ ಬೆಳಗುತ್ತಿತ್ತು. ಹೆರಿಗೆಯಾದ ಸಂಭ್ರಮದಲ್ಲಿ ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಮಗು ಹಗಲು ರಾತ್ರಿಯನ್ನು ಅದಲು ಬದಲು ಮಾಡಿಕೊಂಡಿತು. ಹಗಲೆಲ್ಲ ಎಬ್ಬಿಸಿದರೂ ಏಳದು. ರಾತ್ರಿ ಕಣ್ಣರಳಿಸಿ ಆಡುವುದು, ಸ್ವಲ್ಪ ಹೊತ್ತಿಗೆ ಅಳುವುದು, ಹಾಲು ಕುಡಿಯುವುದು, ಮತ್ತೆ ಅಳುವುದು. ಎಳೆಮಕ್ಕಳು ಹೀಗೆ ಮಾಡುವುದು ಹೊಸದೇನಲ್ಲ. ನನ್ನ ಚಿಂತೆಯೆಲ್ಲ ಮಗಳದು. ಹಗಲು ಮಗು ಮಲಗಿದಾಗ ಅವಳಿಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಊಟ, ಬಂದವರನ್ನು ಮಾತಾಡಿಸುವುದು. ರಾತ್ರಿ ಮಗು ಬಿಡುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ತುದಿಯಲ್ಲಿ ಕೂತು ಗೋಡೆ ನೋಡುತ್ತಿರುತ್ತಿದ್ದಳು. ಮಾತಾಡಿಸಿದರೆ ಎರಡನೆಯ ಸಲಕ್ಕೆ ಉತ್ತರ ಬರುತ್ತಿತ್ತು. ಎಂಥ ಬಾಯಿಬಡುಕಿ ಅವಳು, ನನಗೆ ಹುಟ್ಟಿದವಳಲ್ಲವೇ.

ಒಂದು ಸಂಜೆ ಕಾಲೇಜಿನಿಂದ ಬಂದು ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ಅವಳು ಮೆಲ್ಲಗೆ, ಪಕ್ಕದ ಕೋಣೆಯಲ್ಲಿದ್ದ ಅಜ್ಜಿಗೆ ಕೇಳಿಸದ ಹಾಗೆ ಹೇಳಿದಳು:

"ಅಮ್ಮ, ಎಲ್ರೂ ಮಗು ಮುಖ ನೋಡಿದ್ರೆ ಕಷ್ಟ ಎಲ್ಲ ಮರ್ತೋಗುತ್ತೆ ಅಂತಾರೆ. ನಂಗೆ ಅವಳು ಕಣ್ಣು ಬಿಟ್ರೆ ಸಾಕು, ಎದೆ ಹೊಡ್ಕೊಳತ್ತೆ. ಯಾರಾದ್ರೂ ಕರ್ಕೊಂಡ್ ಹೋಗ್ಬಿಟ್ರೆ ಸಾಕು ಅನ್ಸತ್ತೆ. ನಾನು ತಾಯಿ ಆಗೋಕೆ ಲಾಯಕ್ಕಿಲ್ವೇನಮ್ಮ?"

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಅವಳ ಪಕ್ಕ ಕೂತೆ. ಅವಳಿಗೆ ಏನೇನೋ ಸಮಾಧಾನ ಹೇಳಿದೆ, ಯಾವುದೂ ನಾಟಲಿಲ್ಲ. ಮಾರನೆಯ ದಿನ ರಜೆ ಹಾಕಿ ಹೆರಿಗೆ ಮಾಡಿಸಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ನಿಧಾನವಾಗಿ ಕೂರಿಸಿ ಕೇಳಿ, ಇದು ಬಹಳ ಜನಕ್ಕೆ ಆಗುತ್ತದೆ, ಮೊದಲು ಇವಳಿಗೆ ನಿದ್ದೆ ಸಿಗುವ ಹಾಗೆ ನೋಡಿಕೊಳ್ಳಿ, ಕಮ್ಮಿಯಾಗದಿದ್ದರೆ ತಡಮಾಡದೆ ಬನ್ನಿ ಎಂದರು. ನಿದ್ದೆ ಎನ್ನುವುದು ಅಂಗಡಿಯಲ್ಲಿ ಸಿಗುವಂತಿದ್ದರೆ ಅವತ್ತೇ ಚೀಲ ಹಿಡಿದು ಹೋಗುತ್ತಿದ್ದೆ.

ಆ ವಾರವೇ ಬಸ್ಸಿನಲ್ಲಿ ಹಿಮಸಾರಂಗದ ವಿಷಯ ಓದಿದ್ದು. ಕವಲು ಕೊಂಬಿನ ಜಿಂಕೆ ಜಾತಿಯದು, ನಮ್ಮ ಹಸುಗಳ ಹಾಗೆ ಮೆಲುಕು ಹಾಕುತ್ತದೆ. ಉತ್ತರದ ತುದಿಯಲ್ಲಿ ಸೂರ್ಯ ಮುಳುಗದ ಕಾಲದಲ್ಲೂ, ಹುಟ್ಟದ ಕಾಲದಲ್ಲೂ, ಅದಕ್ಕೆ ದಿನ ಎಂಬುದೇ ಇರುವುದಿಲ್ಲವಂತೆ. ಸ್ವಲ್ಪ ಹೊತ್ತು ಮೇಯುವುದು, ಸ್ವಲ್ಪ ಹೊತ್ತು ಮಲಗಿ ಮೆಲುಕು ಹಾಕುವುದು, ಮತ್ತೆ ಎದ್ದು ಮೇಯುವುದು. ಹಗಲು ರಾತ್ರಿ ಒಂದಾದ ಮೇಲೊಂದು ಬರುವ ವಸಂತದಲ್ಲೂ ಶರತ್ಕಾಲದಲ್ಲೂ ಮಾತ್ರ ಅದರ ಮೈಗೆ ದಿನದ ಲೆಕ್ಕ ಮರಳುತ್ತದೆ. ಓದಿ ಫೋನು ಕೆಳಗಿಟ್ಟೆ. ಇದು ನಮ್ಮ ಮನೆಯ ತೊಟ್ಟಿಲಿನ ವಿಷಯವೇ ಅಲ್ಲವೇ ಅನ್ನಿಸಿತು. ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದ ಪಾಠ ನನ್ನ ಮನೆಯ ಕೋಣೆಯೊಳಗೇ ಮಲಗಿತ್ತು, ನನಗೆ ಕಂಡಿರಲಿಲ್ಲ.

ಬಸ್ಸಿಳಿದವಳು ನೇರ ಅತ್ತೆಯ ಮುಂದೆ ನಿಂತೆ. ಬಚ್ಚಲ ಒಲೆಗೆ ಸೌದೆ ಒಟ್ಟುತ್ತಿದ್ದರು.

"ಅತ್ತೆ, ನಾಳೆಯಿಂದ ಹಗಲು ಹೊತ್ತು ಆ ಕಂಬಳಿ ತೆಗೀಬೇಕು. ಬೆಳಕು ಕಾಣದೆ ಮಗೂಗೆ ಹಗಲ್ಯಾವ್ದು ರಾತ್ರಿ ಯಾವ್ದು ಗೊತ್ತಾಗ್ತಿಲ್ಲ."

"ನಿನ್ ಮಗ್ಳೂ ಇಂಗೇ ಕತ್ಲಲ್ಲೇ ಬೆಳ್ದದ್ದು. ಅವ್ಳಿಗೇನು ಅಗ್ಲು ರಾತ್ರಿ ಗೊತ್ತಿಲ್ವ?" ಎಂದರು, ತಲೆ ಎತ್ತದೆ.

"ಆಗ ಬೇರೆ, ಈಗ ಬೇರೆ."

"ಏನ್ ಬೇರೆ? ಬಾಣಂತಿ ಮೈ ಅಸಿ ಮೈ ಕಣವ್ವ. ಗಾಳಿ ವೊಡದ್ರೆ ನಾಳ್ಕೆ ಸೊಂಟ ನೋವು, ತಲೆನೋವು ಅಂತ ಅನುಬವಿಸೋಳು ಅವ್ಳು. ನೀನು ಆಗ ಕಾಲೇಜಲ್ಲಿರ್ತೀಯ."

ಈ ಕಡೆಯ ಮಾತು ನನಗೆ ಚುರುಕ್ಕೆಂದಿತು. ನಾನೂ ಸುಮ್ಮನಿರುವವಳಲ್ಲ, ನಾಲ್ಕು ಮಾತು ಹೆಚ್ಚಿಗೆ ಆಡಿದೆ. ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ನಮ್ಮ ಮನೆಯವರಿಗೆ ಆ ಎರಡೂ ದಿನ ಪೇಟೆಯಲ್ಲಿ ಇನ್ನಿಲ್ಲದ ಕೆಲಸ.

ಮೂರನೆಯ ದಿನ ರಾತ್ರಿ ಮಗಳಿಗೆ ಊಟ ಕೊಡುತ್ತಾ, ಅವಳನ್ನು ಮಾತಿಗೆಳೆಯೋಣವೆಂದು ಹಿಮಕರಡಿಯ ಕತೆ ತೆಗೆದೆ. ಬಸುರಾದ ಹಿಮಕರಡಿ ಮೈತುಂಬ ಕೊಬ್ಬು ಕಟ್ಟಿಕೊಂಡು, ಚಳಿಗಾಲದ ಮುಂಚೆ ಹಿಮದೊಳಗೆ ಗುಹೆ ತೋಡಿಕೊಂಡು ಸೇರುತ್ತದೆ. ಹೊರಗೆ ಸೂರ್ಯನೇ ಇಲ್ಲದ ಕತ್ತಲೆ. ಒಳಗೆ ಮರಿ ಹಾಕಿ, ಊಟ ನೀರು ಬಿಟ್ಟು, ಮೈಯ ಕೊಬ್ಬನ್ನೇ ಕರಗಿಸಿ ಹಾಲೂಡುತ್ತದೆ. ಬಿಸಿಲು ಮರಳಿದ ಮೇಲೇ ಮರಿಗಳನ್ನು ಕರೆದುಕೊಂಡು ಹೊರಗೆ ಬರುವುದು. ಬಂದರೂ ಕೆಲವು ದಿನ ಗುಹೆಯ ಬಾಯಲ್ಲೇ ಸುತ್ತಾಡಿಕೊಂಡಿರುತ್ತದೆ. ಇಷ್ಟು ಹೇಳುವಾಗ ಅತ್ತೆ ಕೆಂಡದ ಬೋಗುಣಿ ಹಿಡಿದು ಪರದೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

"ನೋಡ್ದಾ, ಆ ಕರಡಿಗೂ ಗೊತ್ತದೆ ಬಾಣಂತನ ಅಂದ್ರೇನು ಅಂತ" ಎಂದು ಒಳಗೆ ಬಂದರು. "ಅದೇನು ಕಿಟ್ಕಿ ತಗೀರಿ ಅಂದದಾ?"

ನನ್ನ ಬಾಣ ನನಗೇ ತಿರುಗಿತ್ತು. ಅತ್ತೆ ಸಾಂಬ್ರಾಣಿ ಉದುರಿಸಿ ಕೂತು, ನಿಜವಾದ ಮರುಕದಿಂದ ಕೇಳಿದರು: "ಆದ್ರೂ ಪಾಪ, ಅದ್ಕೆ ನೀರಾಕೋರು ಯಾರು?"

ಮಗಳ ಮುಖದಲ್ಲಿ ಸಣ್ಣಗೆ ನಗು ಸುಳಿಯಿತು. ಹೆರಿಗೆಯಾದಾಗಿನಿಂದ ನಾನು ಕಂಡ ಮೊದಲ ನಗು. ಅದನ್ನು ಕಂಡು ನನಗೆ ಜಗಳವೇ ಮರೆತುಹೋಯಿತು. ನಗಿಸುವ ಆಸೆಗೆ ಹಿಮಸಾರಂಗದ ಕತೆಯನ್ನೂ ಹೇಳಿದೆ. ಬೇಸಿಗೆಯಲ್ಲಿ ಅದರ ಕಣ್ಣಿನ ಒಳಪದರ ಹೊಂಬಣ್ಣ, ಚಳಿಗಾಲದ ಕತ್ತಲೆಗೆ ಅದೇ ನೀಲಿಯಾಗುತ್ತದೆ. ದಿನದ ಲೆಕ್ಕ ತಪ್ಪಿದರೂ ವರ್ಷದ ಲೆಕ್ಕ ತಪ್ಪುವುದಿಲ್ಲ. ಯಾವಾಗಲೂ ಬೆಳಕು ಅಥವಾ ಯಾವಾಗಲೂ ಕತ್ತಲೆ ಆದಾಗ ಮಾತ್ರ ಅದಕ್ಕೆ ಹೊತ್ತು ಗೊತ್ತಾಗುವುದಿಲ್ಲ ಎಂದೆ. ಆಮೇಲೆ ಮೆಲ್ಲಗೆ, "ಈ ಕೋಣೆಯ ಹಾಗೆ" ಎಂದು ಅತ್ತೆಯ ಕಡೆ ನೋಡದೆ ಸೇರಿಸಿದೆ.

ಮಗಳು ತುತ್ತು ನಿಲ್ಲಿಸಿ ಬಲ್ಬಿನ ಕಡೆ ನೋಡಿದಳು.

"ಅಲ್ಲಮ್ಮ, ಇಲ್ಲಿ ಯಾವಾಗ್ಲೂ ಕತ್ತಲೆ ಎಲ್ಲಿದೆ? ಹಗಲು ಕತ್ತಲೆ, ರಾತ್ರಿ ಬೆಳಕು. ಅವಳು ಸರಿಯಾಗೇ ಮಾಡ್ತಿದ್ದಾಳೆ. ಕತ್ತಲಾದಾಗ ಮಲಗ್ತಾಳೆ, ಬೆಳಕಾದಾಗ ಏಳ್ತಾಳೆ. ತಲೆಕೆಳಗಾಗಿರೋದು ಕೋಣೆ."

ನಾನು ತಲೆಯೆತ್ತಿ ನೋಡಿದೆ. ಮೂರು ದಿನದಿಂದ ಕಂಬಳಿಯ ಮೇಲೆ ಯುದ್ಧ ಸಾರಿದ್ದವಳು ನಾನು. ನೆತ್ತಿಯ ಮೇಲೆ ಕಣ್ಣು ಕುಕ್ಕುತ್ತಿದ್ದ ಬಲ್ಬಿನ ಕೆಳಗೇ ನಿಂತು ದಿನಾ ಮಗುವನ್ನು ಎತ್ತಿಕೊಂಡಿದ್ದೆ, ಅದು ನನ್ನ ಗಂಡ ತಂದಿದ್ದು ಎಂಬ ಕಾರಣಕ್ಕೋ ಏನೋ ನನ್ನ ವಿಜ್ಞಾನಕ್ಕೆ ಕಂಡಿರಲಿಲ್ಲ. ಅತ್ತೆ ಏನಂದಾರು ಎಂದು ಅವರ ಕಡೆ ತಿರುಗಿದೆ. ದೀಪ ಆರಿಸುವ ಮಾತೆತ್ತಿದರೆ ಎರಡನೆಯ ಯುದ್ಧವೇ ಆಗಬೇಕು.

"ನಾನ್ ಕೇಳ್ದದ್ದು ದೀಪ. ಬಲ್ಬ್ ತಂದಾಕ್ದೋನು ನನ್ ಮಗ" ಎಂದರು ಅತ್ತೆ. "ನಂಗೇ ಕಣ್ ಚುಚ್ತಿತ್ತು. ಓದ್ದೋರ ಮನೆ, ನಾವ್ಯಾಕ್ ಬಾಯಾಕದು ಅಂತ ಸುಮ್ಕಿದ್ದೆ."

ಅತ್ತೆ ಸುಮ್ಮನಿದ್ದದ್ದು ಅವರ ಆಯುಷ್ಯದಲ್ಲಿ ಅದೊಂದೇ ಸಲ ಇರಬೇಕು, ಅದೂ ಇಂಥ ವಿಷಯಕ್ಕೆ. ಮಗಳು ಈ ಸಲ ಹಲ್ಲು ಕಾಣುವ ಹಾಗೆ ನಕ್ಕಳು. ಅವತ್ತೇ ಬಲ್ಬು ಕೆಳಗಿಳಿಯಿತು. ದೇವರ ಕೋಣೆಯ ಸಣ್ಣ ಹಿತ್ತಾಳೆ ದೀಪಕ್ಕೆ ಹರಳೆಣ್ಣೆ ಹಾಕಿ, ಮಂಚದಿಂದ ದೂರ, ಮೂಲೆಯಲ್ಲಿಟ್ಟೆವು. ದೀಪ ಆರಲಿಲ್ಲ, ಅತ್ತೆಯ ಮಾತೂ ಉಳಿಯಿತು.

ಕಂಬಳಿಯ ವಿಷಯದಲ್ಲಿ ಅವರು ಜಗ್ಗಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅದರ ಬದಲು ಅತ್ತೆ ತಾವಾಗಿ ಇನ್ನೊಂದು ದಾರಿ ತೆಗೆದರು. ಬೆಳಿಗ್ಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ, ಹಿತ್ತಲಲ್ಲಿ ಗಾಳಿಗೆ ಮರೆಯಾದ ಗೋಡೆಯ ಪಕ್ಕ ಎಳೆಬಿಸಿಲಿಗೆ ಚಾಪೆ ಹಾಸಿದರು. ಮಗಳಿಗೆ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ, ಅವಳನ್ನೂ ಕೂಸನ್ನೂ ಅಲ್ಲಿ ಕೂರಿಸಿದರು. ಮಾಗಿಯ ಚಳಿಯ ದಿನಗಳು ಅವು. "ಎಳೆಬಿಸ್ಲು ಬಿದ್ರೆ ಮೂಳೆ ಗಟ್ಟಿ ಆಯ್ತವೆ" ಎಂದು ಕಾರಣ ಕೊಟ್ಟರು. ಕಾರಣ ಯಾವುದಾದರೇನು, ಬಿಸಿಲು ಅದೇ. ಆಮೇಲೆ ತೊಟ್ಟಿಲೂ ಹಗಲು ಹೊತ್ತು ನಡುಮನೆಗೆ ಬಂತು. ಮಿಕ್ಸಿಯ ಸದ್ದು, ಸೊಪ್ಪು ಮಾರುವವಳ ಕೂಗು, ನಮ್ಮ ಮನೆಯವರ ಟಿವಿ ಎಲ್ಲದರ ನಡುವೆ ಮಗು ಮಲಗಿ ಎದ್ದು ಮಾಡತೊಡಗಿತು.

ಮಗಳ ನಿದ್ದೆಗೆ ಇನ್ನೊಂದು ಪಾಠ ಬಸ್ಸಿನಲ್ಲೇ ಸಿಕ್ಕಿತು. ಸೂರ್ಯ ಮುಳುಗದ ಆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಮೊಟ್ಟೆಯಿಡುವ, ನೀರಂಚಿನ ಕೆಸರಲ್ಲಿ ಕೊಕ್ಕಾಡಿಸಿ ಮೇಯುವ ಗೊರವ ಜಾತಿಯ ಸಣ್ಣ ಹಕ್ಕಿಗಳಿವೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಒಂದು ಜೋಡಿಯ ಸರದಿ ಇನ್ನೊಂದರ ಹಾಗಿರುವುದಿಲ್ಲ. ಸೂರ್ಯನನ್ನು ನೋಡಿಯೇ ಹೊತ್ತು ಇಟ್ಟುಕೊಳ್ಳಬೇಕೆಂದಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡೂ ಇಟ್ಟುಕೊಳ್ಳಬಹುದು ಎಂದು ನಾನು ಅದನ್ನು ಅರ್ಥಮಾಡಿಕೊಂಡೆ. ನಮ್ಮ ಮನೆಯಲ್ಲಿ ಗೂಡಿಗೆ ಮೂವರು. ಬಿಸಿಲಿನಿಂದ ಒಳಬಂದ ಮೇಲೆ ಮಗು ಅತ್ತೆಯದು, ಮಗಳು ಮಲಗಲೇಬೇಕು, ನೋಡಲು ಬಂದವರು ಸಂಜೆ ಬರಲಿ ಎಂದು ಗೊತ್ತುಮಾಡಿದೆವು. ಕಾಲೇಜಿನಿಂದ ಬಂದ ಮೇಲೆ ನನ್ನ ಸರದಿ. ಭಾನುವಾರ ಬನ್ನೂರಿನಿಂದ ಬರುತ್ತಿದ್ದ ಅಳಿಯನನ್ನೂ ಬಿಡಲಿಲ್ಲ. ಮೊದಲ ಸಲ ಮಗುವನ್ನು ಕೈಗೆ ಕೊಟ್ಟಾಗ ಅವನು ತುಂಬಿದ ಬಿಂದಿಗೆ ಹಿಡಿದವನ ಹಾಗೆ ಅಲುಗಾಡದೆ ನಿಂತಿದ್ದ. ಅತ್ತೆ ಅವನ ಮುಖ ನೋಡಿ, "ವುಸ್ರಾಡಪ್ಪ, ಏನಾಗಲ್ಲ" ಎಂದರು.

ಕ್ಲಾಸಿನ ಹುಡುಗಿಗೂ ಉತ್ತರ ಸಲ್ಲಿಸಿದೆ. ಕೋಳಿಯ ಮೈಯಲ್ಲೇ ಗಡಿಯಾರವಿದೆ. ಹಗಲು ರಾತ್ರಿ ಒಂದೇ ಮಬ್ಬು ಬೆಳಕಿನಲ್ಲಿ ಇಟ್ಟರೂ ಕೆಲವು ದಿನ ತನ್ನ ಲೆಕ್ಕದಲ್ಲೇ ಕೂಗುತ್ತದೆ, ಆಮೇಲಾಮೇಲೆ ಹೊತ್ತು ಗೊತ್ತಿಲ್ಲದೆ ಕೂಗತೊಡಗುತ್ತದೆ. ಆದರೆ ಅಲ್ಲಿಯದೇ ಆದ, ಚಳಿಗಾಲಕ್ಕೆ ಬೆಳ್ಳಗಾಗುವ ಕಾಡುಕೋಳಿಯಂಥ ಹಕ್ಕಿಗೆ ಆ ಗೊಡವೆ ಇಲ್ಲ. ಕತ್ತಲೆ ಹರಿಯದ ಕಾಲದಲ್ಲಿ ಯಾವ ಹೊತ್ತಿಗೆ ಬೇಕಾದರೂ ಮೇಯುತ್ತದೆ, ಚಳಿಗಾಲ ಬರುತ್ತದೆಂದು ಮಾತ್ರ ಮೊದಲೇ ತಿಳಿದು ಮೈಯಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ. ಇನ್ನು ಆ ನೆಲದ ಅಳಿಲು ತದ್ವಿರುದ್ಧ. ಸೂರ್ಯ ಮುಳುಗದಿದ್ದರೂ ದಿನವೂ ತನ್ನ ಹೊತ್ತಿಗೇ ಹೊರಬಂದು ತನ್ನ ಹೊತ್ತಿಗೇ ಬಿಲ ಸೇರುತ್ತದೆ. "ನಮ್ಮಪ್ಪನ್ ಥರ, ಮೇಡಮ್" ಎಂದಳು ಅವಳು. ಒಂದೇ ಊರು, ಒಂದೇ ಸೂರ್ಯ, ಆದರೂ ಒಬ್ಬೊಬ್ಬರದು ಒಂದೊಂದು ರೀತಿ ಎಂದು ಹೇಳಿ ಬೋರ್ಡು ಒರೆಸಿದೆ. ಆ ಮಾತು ಕ್ಲಾಸಿಗಿಂತ ಹೆಚ್ಚಾಗಿ ನನಗೇ ಹೇಳಿಕೊಂಡದ್ದು.

ಮಗು ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ರಾತ್ರಿಯ ಆಟ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಾ, ಹಗಲಿನ ಎಚ್ಚರ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಬಂತು. ಯಶಸ್ಸು ಯಾರದು ಎಂಬುದರಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಬಲ್ಬು ಇಳಿಸಿದ್ದರಿಂದ ಎಂದು ನಾನು, ಎಳೆಬಿಸಿಲಿನಿಂದ ಎಂದು ಅತ್ತೆ, ಟಿವಿಯಿಂದ ಎಂದು ನಮ್ಮ ಮನೆಯವರು. ನಿಜ ಹೇಳಬೇಕೆಂದರೆ ಎಳೆಮಕ್ಕಳ ಮೈಯ ಗಡಿಯಾರ ಕೂಡಿಕೊಳ್ಳುವುದಕ್ಕೇ ಕೆಲವು ತಿಂಗಳು ಬೇಕು, ನಾವು ಯಾರೂ ಏನೂ ಮಾಡದಿದ್ದರೂ ಅವಳು ಸರಿಹೋಗುತ್ತಿದ್ದಳೋ ಏನೋ. ಆದರೆ ಮಗಳು ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ಅವಳಿಗೆ ನಿದ್ದೆ ಸಿಕ್ಕಿತು, ಮುಖಕ್ಕೆ ರಕ್ತ ಬಂತು, ಅಜ್ಜಿಯ ಮೆಣಸಿನ ಸಾರಿಗೆ ಉಪ್ಪು ಕಮ್ಮಿ ಎಂದು ತಕರಾರು ಎತ್ತಿದಳು. ಡಾಕ್ಟರಮ್ಮ ಮತ್ತೆ ನೋಡಿದಾಗ ಅವಳೊಂದಿಗೆ ಸಲುಗೆಯಿಂದ ಮಾತಾಡಿ, ಈಗ ಪರವಾಗಿಲ್ಲ ಎಂದು ಕಳಿಸಿದರು. ಆದರೂ ಮಗುವನ್ನು ಯಾರಾದರೂ ಕರೆದುಕೊಂಡು ಹೋದರೆ ಸಾಕು ಎಂದಿದ್ದ ಅವಳ ಮಾತಿನ ಭಯ ನನ್ನೊಳಗಿಂದ ಪೂರ್ತಿ ಹೋಗಿರಲಿಲ್ಲ. ಮಗುವನ್ನು ಎತ್ತಿಕೊಳ್ಳುವಾಗ, ಕೊಡುವಾಗ, ಅವಳ ಮುಖವನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇತ್ತು. ಅವತ್ತು ಕಾಲೇಜು ಬೇಗ ಬಿಟ್ಟಿತ್ತು. ಬಿಸಿಲಲ್ಲಿ ನಡೆದು ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೀದಾ ತೊಟ್ಟಿಲಿಗೆ ಕೈ ಹಾಕಿದೆ. ಮಗು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಎತ್ತಿಕೊಂಡು ಎದೆಗೆ ಒರಗಿಸಿಕೊಳ್ಳಬೇಕು ಎಂದು ಬೆನ್ನ ಕೆಳಗೆ ಕೈ ತೂರಿಸುತ್ತಿದ್ದ ಹಾಗೆ ಅಡುಗೆಮನೆಯಿಂದ ಮಗಳು ಬಂದಳು. ಕೈಯೆಲ್ಲ ರಾಗಿ ಹಿಟ್ಟು.

"ಅಮ್ಮ, ಮುಟ್ಬೇಡ ಅವಳ್ನ."

ಬೆಚ್ಚಿ ಕೈ ಹಿಂದಕ್ಕೆ ತೆಗೆದೆ.

"ಈಗ ತಾನೇ ಮಲಗಿದ್ದಾಳೆ. ಇದು ಅವಳ ನಿದ್ದೆ ಹೊತ್ತು. ಇವತ್ತು ನೀನು ಬೇಗ ಬಂದೆ ಅಂತ ಅವಳು ಏಳ್ಬೇಕಾ? ಎಬ್ಬಿಸಿದ್ರೆ ಸಂಜೆವರೆಗೂ ಕಿರಿಕಿರಿ ಮಾಡ್ತಾಳೆ, ನಂಗೊತ್ತು ಅವಳ ವಿಷ್ಯ." ಹಿಟ್ಟಿನ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ, ತೊಟ್ಟಿಲಿಗೆ ಅಡ್ಡ ನಿಂತಳು. "ಹೋಗು, ಹೊರಗೆ ಕೂತ್ಕೊ. ಎದ್ದಾಗ ಕರೀತೀನಿ."

ನನ್ನ ಮನೆಯಲ್ಲಿ ನನ್ನನ್ನೇ ಗದರಿಸಿ ಹೊರಗೆ ಕಳಿಸಿದಳು. ಜಗಲಿಗೆ ಬಂದೆ. ಅತ್ತೆ ಅಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು, ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ನಂಗೂ ಆಗ್ಲೇ ಅಂಗೇ ಅಂದ್ಳು. ಕುಂತ್ಕೊ ಬಾ" ಎಂದು ಸರಿದು ಜಾಗ ಕೊಟ್ಟರು.

ಅವರ ಪಕ್ಕ ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ತಡೆಯಲಿಲ್ಲ. ಕರೆಯುವವರೆಗೂ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ.